ಎಷ್ಟು ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು: ಬಿಸಿಲು, ಕಲೆ, ತುರಿಕೆಗೊಂದು ಮಾರ್ಗದರ್ಶಿ

ಚರ್ಮಕ್ಕೆ ಹಚ್ಚಿದ್ದು ಫಲ ಕೊಡಲಿಲ್ಲ ಎಂದು ದೂರುವವರ ಕೈಲಿರುವ ಟ್ಯೂಬನ್ನು ಒಮ್ಮೆ ನೋಡಬೇಕು. ಮೂರು ತಿಂಗಳ ಹಿಂದೆ ಕೊಂಡ ಸನ್‌ಸ್ಕ್ರೀನ್ ಇನ್ನೂ ಅರ್ಧ ಉಳಿದಿರುತ್ತದೆ. ಹುಳುಕಡ್ಡಿಗೆ ತಂದ ಮುಲಾಮನ್ನು ನವೆ ನಿಂತ ನಾಲ್ಕನೇ ದಿನಕ್ಕೇ ಮುಚ್ಚಿಟ್ಟಿರುತ್ತಾರೆ. ಔಷಧಿಯಲ್ಲಿ ದೋಷವಿರುವುದು ಅಪರೂಪ. ಹಚ್ಚಿದ್ದು ಕಡಿಮೆಯಾಗಿರುತ್ತದೆ, ಬಿಟ್ಟಿದ್ದು ಬೇಗ ಆಗಿರುತ್ತದೆ, ಅಥವಾ ಕಾಯಿಲೆ ಒಂದು, ಮುಲಾಮು ಇನ್ನೊಂದಾಗಿರುತ್ತದೆ. ಈ ಮೂರನ್ನು ಸರಿಪಡಿಸಿಕೊಂಡರೆ ಮನೆಯಲ್ಲೇ ಬಗೆಹರಿಯುವ ತೊಂದರೆಗಳು ಬೇಕಾದಷ್ಟಿವೆ.

ಮೊದಲು ನೆರಳು ನೋಡಿ

ಬಿಸಿಲು ಎಷ್ಟು ಖಾರವಾಗಿದೆ ಎಂದು ತಿಳಿಯಲು ಸೆಖೆಯನ್ನು ನಂಬಬೇಡಿ. ಚರ್ಮವನ್ನು ಸುಡುವುದು ಶಾಖವಲ್ಲ, ಅತಿನೇರಳೆ ಕಿರಣ. ತಂಪಾದ ಗಾಳಿ ಬೀಸುವ ದಿನವೂ, ಎತ್ತರದ ಬೆಟ್ಟದ ಮೇಲೂ ಅದು ಜೋರಾಗಿಯೇ ಇರುತ್ತದೆ. ಪ್ರತಿ 1,000 ಮೀಟರ್ ಮೇಲೇರಿದಾಗ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಅಳತೆಗೆ ಸುಲಭದ ಉಪಾಯ ನಿಮ್ಮ ಕಾಲ ಬುಡದಲ್ಲೇ ಇದೆ: ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಕಟುವಾಗಿದೆ, ಮರೆಗೆ ಸರಿಯಿರಿ. ಹವಾಮಾನದ ಆ್ಯಪ್‌ಗಳಲ್ಲಿ ಬರುವ ಯುವಿ (ಅತಿನೇರಳೆ) ಸೂಚ್ಯಂಕ ನೋಡುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ನಡುಹಗಲಿನ ಹೊರಗಿನ ಕೆಲಸವನ್ನು ಬೆಳಿಗ್ಗೆಗೋ ಸಂಜೆಗೋ ತಳ್ಳುವುದು ಜಾಣತನ.

ನೆಲ ಮುಟ್ಟುವ ಅತಿನೇರಳೆ ಕಿರಣದಲ್ಲಿ ಎರಡು ಬಗೆ. ಯುವಿಬಿ ಚರ್ಮವನ್ನು ಸುಟ್ಟು ಉರಿಸುತ್ತದೆ. ಅದರ ಪಾಲು ಚಿಕ್ಕದು, ಏಟು ದೊಡ್ಡದು. ಉಳಿದ ಸುಮಾರು ಶೇ. 95ರಷ್ಟು ಯುವಿಎ. ಉರಿ ತಿಳಿಯಗೊಡದೆ ಆಳಕ್ಕಿಳಿದು ಸುಕ್ಕು, ಕಪ್ಪುಕಲೆಗಳನ್ನು ಬೆಳೆಸುವುದು ಇದು. ಸಾದಾ ಕಿಟಕಿ ಗಾಜು ಯುವಿಬಿಯನ್ನು ತಡೆದು ಯುವಿಎಯನ್ನು ಒಳಗೆ ಬಿಡುತ್ತದೆ. ದಿನವಿಡೀ ಕಿಟಕಿ ಪಕ್ಕ ಕೂರುವವರಿಗೆ, ವಾಹನ ಓಡಿಸುವವರಿಗೆ ಗಾಜಿನ ಕಡೆಯ ಕೆನ್ನೆ ಹೆಚ್ಚು ಕಪ್ಪಾಗುವುದು ಇದರಿಂದಲೇ. ವಾಹನದ ಮುಂಗಾಜು ಪದರಗಾಜಾದ್ದರಿಂದ ಯುವಿಎಯನ್ನೂ ಬಹುಪಾಲು ತಡೆಯುತ್ತದೆ, ಪಕ್ಕದ ಗಾಜು ಸಾಮಾನ್ಯವಾಗಿ ಅಷ್ಟು ತಡೆಯುವುದಿಲ್ಲ.

ಕ್ರೀಮಿಗಿಂತ ಮೊದಲು ಬಟ್ಟೆ. ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ. ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, ಬೆಳಕು ಎಷ್ಟು ತೂರುತ್ತದೋ ರಕ್ಷಣೆ ಅಷ್ಟು ಕಡಿಮೆ. ಒತ್ತಾದ ನೇಯ್ಗೆ, ಗಾಢ ಬಣ್ಣ, ಸಡಿಲ ಹೊಲಿಗೆ ಒಳ್ಳೆಯದು. ತೆಳುವಾದ ಬಿಳಿ ಹತ್ತಿ ಬಟ್ಟೆ ಕಡಿಮೆಯೇ ತಡೆಯುತ್ತದೆ, ಒದ್ದೆಯಾದರೆ ಇನ್ನೂ ಕಡಿಮೆ. ಟೋಪಿಗೆ ಸುತ್ತಲೂ ಕನಿಷ್ಠ 7.5 ಸೆಂಟಿಮೀಟರ್ ಅಂಚು ಇರಲಿ. ಕ್ರಿಕೆಟ್ ಆಡುವವರು ಹಾಕುವಂಥ ಮುಂದೆ ಮಾತ್ರ ಚಾಚಿದ ಟೋಪಿ ಕಿವಿ, ಕತ್ತುಗಳನ್ನು ಬಿಸಿಲಿಗೇ ಬಿಟ್ಟಿರುತ್ತದೆ.

ಎರಡು ಬೆರಳಿನ ಲೆಕ್ಕ

ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂಕಿ ಅಳೆಯುವುದು ಯುವಿಬಿ ತಡೆಯನ್ನು. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 15 ಸುಮಾರು ಶೇ. 93, ಎಸ್‌ಪಿಎಫ್ 30 ಶೇ. 97, ಎಸ್‌ಪಿಎಫ್ 50 ಶೇ. 98ರಷ್ಟನ್ನು ತಡೆಯುತ್ತವೆ. 30ರಿಂದ 50ಕ್ಕೆ ಹೋದಾಗ ಸಿಗುವ ಲಾಭ ಅಷ್ಟೇನೂ ದೊಡ್ಡದಲ್ಲ. ಆದರೂ 50 ಕೊಳ್ಳಿ ಎನ್ನುವವರ ಮಾತಿನಲ್ಲಿ ಹುರುಳಿದೆ, ಏಕೆಂದರೆ ಎಲ್ಲರೂ ಕಡಿಮೆಯೇ ಹಚ್ಚುತ್ತಾರೆ. ಯುವಿಎ ತಡೆಗೆ ಬೇರೆ ಗುರುತು ನೋಡಬೇಕು: ‘ಪಿಎ’ ಪಕ್ಕ ಮೂರು ಅಥವಾ ನಾಲ್ಕು ಪ್ಲಸ್ ಚಿಹ್ನೆ, ಇಲ್ಲವೇ ವೃತ್ತದೊಳಗೆ ‘ಯುವಿಎ’ ಎಂಬ ಮುದ್ರೆ, ಇಲ್ಲವೇ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತು. ಯಾವುದೂ ಇಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಿ.

ಲೇಬಲ್ಲಿನ ಎಸ್‌ಪಿಎಫ್ ಅಂಕಿ ಬರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಜನ ಹಚ್ಚುವುದು ಸಾಮಾನ್ಯವಾಗಿ ಅದರ ಕಾಲು ಭಾಗದಿಂದ ಅರ್ಧದಷ್ಟು. ತೋರುಬೆರಳು, ನಡುಬೆರಳುಗಳ ಬುಡದಿಂದ ತುದಿವರೆಗೆ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖಕ್ಕೂ ಕತ್ತಿಗೂ ಸೇರಿ ಬೇಕಾದ್ದು ಅಷ್ಟು, ಅಂದರೆ ಒಂದು ಗ್ರಾಂಗಿಂತ ತುಸು ಹೆಚ್ಚು. ಮೊದಲ ಸಲ ನೋಡಿದವರಿಗೆ ‘ಇಷ್ಟೊಂದೇ?’ ಅನಿಸುತ್ತದೆ. ಹೌದು, ಇಷ್ಟೊಂದೇ. ದಿನಕ್ಕೊಮ್ಮೆ ಈ ಅಳತೆಯಲ್ಲಿ ಹಚ್ಚಿದರೆ 50 ಗ್ರಾಂ ಟ್ಯೂಬ್ ಸುಮಾರು 40 ದಿನಕ್ಕೆ ಮುಗಿಯಬೇಕು, ಎರಡು ಸಲವಾದರೆ 20 ದಿನಕ್ಕೆ. ನಿಮ್ಮದು ನಾಲ್ಕು ತಿಂಗಳು ಬರುತ್ತಿದ್ದರೆ ತಪ್ಪು ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಈಜಲು ಹೋಗುವಾಗ ಮೈಗೆಲ್ಲ ಹಚ್ಚುವುದಾದರೆ ದೊಡ್ಡವರಿಗೆ ಸುಮಾರು 30 ಮಿಲಿಲೀಟರ್ ಬೇಕು.

ಹಚ್ಚುವ ಕ್ರಮ ಹೀಗಿರಲಿ:

1. ಮುಖ ತೊಳೆದು ಒರೆಸಿ. ಮಾಯಿಶ್ಚರೈಸರ್ ಬಳಸುವವರು ಮೊದಲು ಅದನ್ನು ಹಚ್ಚಿ, ಅದು ಹೀರಿಕೊಳ್ಳುವವರೆಗೆ ಕಾಯಿರಿ. ಹಸಿಯಿರುವಾಗಲೇ ಮೇಲೆ ಸನ್‌ಸ್ಕ್ರೀನ್ ತಿಕ್ಕಿದರೆ ಎರಡೂ ಸೇರಿ ರಬ್ಬರ್ ಚೂರಿನಂತೆ ಉಂಡೆಯುಂಡೆಯಾಗಿ ಏಳುತ್ತವೆ.
2. ಹಿಂಡಿದ್ದರಲ್ಲಿ ಅರ್ಧವನ್ನು ಹಣೆ, ಕೆನ್ನೆ, ಮೂಗು, ಗಲ್ಲ, ಕತ್ತಿನ ಮೇಲೆ ಚುಕ್ಕೆಯಿಟ್ಟು ಹರಡಿ. ಒಂದು ನಿಮಿಷ ಬಿಟ್ಟು ಉಳಿದರ್ಧವನ್ನು ಅದೇ ರೀತಿ ಹಚ್ಚಿ. ಒಂದೇ ಸಲ ಬಳಿಯುವುದಕ್ಕಿಂತ ಎರಡು ಪದರ ಸಮನಾಗಿ ಕೂರುತ್ತದೆ.
3. ಕಿವಿಯ ಮೇಲಂಚು, ಕತ್ತಿನ ಹಿಂಭಾಗ, ಕೂದಲ ಬೈತಲೆ, ಪಾದದ ಮೇಲ್ಭಾಗ, ಅಂಗೈ ಹಿಂಭಾಗ ಎಲ್ಲರೂ ಮರೆಯುವ ಜಾಗಗಳು. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್.
4. ಬಿಸಿಲಿಗಿಳಿಯುವ 15 ನಿಮಿಷ ಮೊದಲೇ ಮುಗಿಸಿ. ಮೇಕಪ್, ಸೊಳ್ಳೆ ಓಡಿಸುವ ಕ್ರೀಮ್ ಇದ್ದರೆ ಸನ್‌ಸ್ಕ್ರೀನ್ ಒಣಗಿದ ಮೇಲೆ.
5. ಹೊರಗಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಈಜಿದ ಮೇಲೆ, ಬೆವರಿದ ಮೇಲೆ, ಟವೆಲಿನಿಂದ ಒರೆಸಿಕೊಂಡ ಮೇಲೆ ಗಡಿಯಾರ ನೋಡದೆ ಕೂಡಲೇ ಹಚ್ಚಿ. ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೂ ಅದು ತಾಳುವುದು ಲೇಬಲ್ಲಿನಲ್ಲಿ ಬರೆದ 40 ಅಥವಾ 80 ನಿಮಿಷ ಮಾತ್ರ.

ಮನೆಯೊಳಗೇ, ಕಿಟಕಿಯಿಂದ ದೂರ ಇರುವ ದಿನ ಎರಡು ಗಂಟೆಯ ನಿಯಮಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಒಮ್ಮೆ ಸಾಕು.

ಕಣ್ಣು ಉರಿಯುವುದು ದೊಡ್ಡ ದೂರು. ಬೆವರಿನೊಡನೆ ಹರಿದು ಕಣ್ಣಿಗಿಳಿಯುವ ರಾಸಾಯನಿಕ ಫಿಲ್ಟರುಗಳು ಇದಕ್ಕೆ ಕಾರಣ. ಕಣ್ಣಿನ ಸುತ್ತ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ಬಳಸಿದರೆ ಉರಿ ಕಡಿಮೆ. ಸೂಕ್ಷ್ಮ ಚರ್ಮದವರಿಗೂ ಮಕ್ಕಳಿಗೂ ಅದೇ ಮೇಲು. ಆದರೆ ಕಂದು ಚರ್ಮದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ, ಬಣ್ಣ ಬೆರೆಸಿದ್ದನ್ನು ಆರಿಸಿಕೊಂಡರೆ ಆ ತಾಪತ್ರಯವಿಲ್ಲ. ಮೊಡವೆಯವರು ‘ನಾನ್‌ಕಾಮೆಡೊಜೆನಿಕ್’ (ಚರ್ಮದ ರಂಧ್ರ ಕಟ್ಟದ್ದು) ಎಂದಿರುವ ಜೆಲ್ ಅಥವಾ ತೆಳು ಲೋಷನ್ ನೋಡಲಿ. ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು. ಟ್ಯೂಬನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ. ನೀರು ಬೇರೆ, ಎಣ್ಣೆ ಬೇರೆಯಾಗಿ ಒಡೆದಿದ್ದರೆ ಎಸೆಯಿರಿ.

ಸುಟ್ಟ ಮೇಲೆ

ಬಿಸಿಲಿನ ಸುಡುವಿಕೆ ಕೂಡಲೇ ಕಾಣುವುದಿಲ್ಲ, ಕೆಲವು ಗಂಟೆ ಬಿಟ್ಟು ಶುರುವಾಗಿ 12ರಿಂದ 24 ಗಂಟೆಯಲ್ಲಿ ಏರುತ್ತದೆ. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದೆ, ಬಿಸಿ, ಬಿಗಿತ, ಮುಟ್ಟಿದರೆ ನೋವು ಮಾತ್ರ ಇರಬಹುದು. ನೆರಳಿಗೆ ಬಂದು ತಣ್ಣೀರಿನ ಬಟ್ಟೆಯನ್ನು 10–15 ನಿಮಿಷ ಹಾಕಿ, ಮೈ ಇನ್ನೂ ತೇವವಿರುವಾಗ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ನೀರು ಚೆನ್ನಾಗಿ ಕುಡಿಯಿರಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ನೀರುಗುಳ್ಳೆ ಒಡೆಯಬೇಡಿ, ಅದರ ಮೇಲಿನ ಪೊರೆಯೇ ಒಳ್ಳೆಯ ಪಟ್ಟಿ. ಜ್ವರ, ವಾಂತಿ, ತಲೆಸುತ್ತು, ಮೈಯ ದೊಡ್ಡ ಭಾಗಕ್ಕೆ ಗುಳ್ಳೆ ಬಂದರೆ ಅಥವಾ ಸುಟ್ಟಿದ್ದು ಕೂಸಿನ ಮೈಯಾದರೆ ಆಸ್ಪತ್ರೆಗೆ ಹೋಗಿ.

ಅಷ್ಟೇನೂ ಬಿಸಿಲಿಗೆ ಹೋಗದಿದ್ದರೂ ಸುಟ್ಟಿತೆಂದರೆ ನುಂಗುವ ಮಾತ್ರೆ, ಹಚ್ಚುವ ಜೆಲ್‌ಗಳನ್ನು ನೆನಪಿಸಿಕೊಳ್ಳಿ. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ನೋವಿಗೆ ಹಚ್ಚುವ ಕೀಟೋಪ್ರೊಫೆನ್ ಜೆಲ್ ಇವೆಲ್ಲ ಚರ್ಮವನ್ನು ಬಿಸಿಲಿಗೆ ಅತಿ ಸೂಕ್ಷ್ಮ ಮಾಡುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಹೊಳಪು ಬರಲೆಂದು ಮುಖಕ್ಕೆ ನಿಂಬೆರಸ ಉಜ್ಜಿಕೊಂಡು ಹೊರಗೆ ಹೋಗುವವರಿಗೂ ಇದೇ ಗತಿ. ಆ ರಸದಲ್ಲಿರುವ ಫ್ಯೂರನೋಕೂಮರಿನ್ ಎಂಬ ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು, ರಸ ಹರಿದ ದಾರಿಯಲ್ಲೇ ತಿಂಗಳುಗಟ್ಟಲೆ ಕಪ್ಪು ಗೆರೆ ಉಳಿಸುತ್ತದೆ.

ಬಂಗು ಮತ್ತು ಮೊಡವೆ

ಎರಡೂ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಜೋಡಿಯಾಗಿ ಹರಡುವ ಕಂದು ಛಾಯೆ ಬಂಗು. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಹೆಚ್ಚುತ್ತದೆ, ಬಿಸಿಲು ಅದನ್ನು ಪೋಷಿಸುತ್ತದೆ. ಬಂಗಿನ ವಿಷಯದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಅಪರಾಧಿ. ಸಾದಾ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ, ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಆದ್ದರಿಂದ ಬಂಗಿನವರಿಗೆ ಬಣ್ಣವುಳ್ಳದ್ದು ಶೋಕಿಯಲ್ಲ, ಚಿಕಿತ್ಸೆಯ ಭಾಗ. ಕಲೆ ತಿಳಿಮಾಡುವ ಅಜೆಲಾಯಿಕ್ ಆ್ಯಸಿಡ್ ನಿಧಾನ, ಆದರೆ ಬಸುರಿಯರೂ ವೈದ್ಯರನ್ನು ಕೇಳಿ ಬಳಸಬಹುದಾದದ್ದು. ಹೈಡ್ರೋಕ್ವಿನೋನ್ ಇರುವ ಕ್ರೀಮನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ಹಚ್ಚಬೇಕು. ವರ್ಷಗಟ್ಟಲೆ ಹಚ್ಚಿದರೆ ಮಾಯದ ನೀಲಿಗಪ್ಪು ಬಣ್ಣ ಚರ್ಮದಲ್ಲಿ ಕೂತುಬಿಡುವುದುಂಟು. ಯಾವುದನ್ನು ಹಚ್ಚಿದರೂ ಎರಡು ಮೂರು ತಿಂಗಳ ಮೊದಲು ಕನ್ನಡಿ ನೋಡಿ ತೀರ್ಪು ಕೊಡಬೇಡಿ.

ಮೊಡವೆಗೆ ಸೌಮ್ಯವಾದ ಕ್ಲೆನ್ಸರಿನಿಂದ ದಿನಕ್ಕೆರಡು ಸಲ ಮುಖ ತೊಳೆಯುವುದು, ರಾತ್ರಿ ಅಡಾಪಲೀನ್ ಶೇ. 0.1 ಜೆಲ್ ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಬೆಳಿಗ್ಗೆ ಬೆಂಜಾಯ್ಲ್ ಪೆರಾಕ್ಸೈಡ್ ಶೇ. 2.5, ಆಮೇಲೆ ಸನ್‌ಸ್ಕ್ರೀನ್. ಜೆಲ್ಲನ್ನು ಗುಳ್ಳೆಯ ಮೇಲಷ್ಟೇ ಚುಕ್ಕೆಯಿಡುವುದು ಮಾಮೂಲಿ ತಪ್ಪು. ನಾಳೆ ಏಳಲಿರುವ ಗುಳ್ಳೆ ಇವತ್ತು ಬರಿಗಣ್ಣಿಗೆ ಕಾಣುವುದಿಲ್ಲ. ಮೊದಲ ವಾರಗಳಲ್ಲಿ ಉರಿ, ಸಿಪ್ಪೆ ಏಳುವುದು ಸಹಜ. ದಿನ ಬಿಟ್ಟು ದಿನ ಹಚ್ಚಿ ಒಗ್ಗಿಸಿಕೊಳ್ಳಿ, 8ರಿಂದ 12 ವಾರ ಕೊಡಿ. ಬಸುರಿಯರು, ಬಸುರಾಗಲು ಯೋಚಿಸಿರುವವರು ಅಡಾಪಲೀನ್ ಹಚ್ಚಬಾರದು. ಪೆರಾಕ್ಸೈಡ್ ದಿಂಬಿನ ಬಟ್ಟೆಯ ಬಣ್ಣ ತೆಗೆಯುತ್ತದೆ, ಬಿಳಿ ದಿಂಬು ಬಳಸಿ.

ಬಿಳಿ ಮಚ್ಚೆ ಕಂಡಾಗ

ಬಿಳಿ ಅಂದೊಡನೆ ತೊನ್ನು ಎಂದು ಎದೆಯೊಡೆದುಕೊಳ್ಳುವುದು ಬೇಡ. ಎದೆ, ಬೆನ್ನು, ತೋಳ ಮೇಲೆ ತಿಳಿಬಣ್ಣದ ಅಥವಾ ಕಂದು ಮಚ್ಚೆಗಳಿದ್ದರೆ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಸುಣ್ಣದ ಪುಡಿಯಂಥ ನಯವಾದ ಹೊಟ್ಟು ಎದ್ದರೆ ಅದು ಬಹುತೇಕ ಚಿಬ್ಬು. ಎಲ್ಲರ ಚರ್ಮದಲ್ಲೂ ಇರುವ ಮಲಸೀಸಿಯಾ ಎಂಬ ಶಿಲೀಂಧ್ರ ಸೆಖೆ, ಬೆವರು, ಎಣ್ಣೆ ಸಿಕ್ಕಾಗ ಮಿತಿಮೀರಿ ಬೆಳೆಯುವುದರಿಂದ ಬರುತ್ತದೆ, ಅಂಟುಜಾಡ್ಯವಲ್ಲ. ಶೇ. 2 ಕೀಟೊಕೊನಜೋಲ್ ಶಾಂಪೂವನ್ನು ಕತ್ತಿನಿಂದ ಸೊಂಟದವರೆಗೆ, ಮಚ್ಚೆಯ ಆಚೆಗೂ ಹಚ್ಚಿ 5 ನಿಮಿಷ ಬಿಟ್ಟು ತೊಳೆಯಿರಿ. ಹೀಗೆ ಐದು ದಿನ. ಹೊಟ್ಟು ಹೋದರೆ ಶಿಲೀಂಧ್ರ ಸತ್ತಿದೆ ಎಂದೇ ಅರ್ಥ, ಬಣ್ಣ ಮರಳಲು ಮಾತ್ರ ತಿಂಗಳುಗಳು ಬೇಕು. ಇದನ್ನರಿಯದೆ ‘ಔಷಧಿ ತಾಗಲಿಲ್ಲ’ ಎಂದು ಮತ್ತೆ ಮತ್ತೆ ಹಚ್ಚುವವರೇ ಹೆಚ್ಚು.

ಹೊಟ್ಟಿಲ್ಲದೆ ಹಾಲಿನಂತೆ ಪೂರ್ತಿ ಬಿಳುಪಾಗಿ, ಅಂಚು ಸ್ಪಷ್ಟವಾಗಿದ್ದರೆ ತೊನ್ನು ಇರಬಹುದು. ಮೈಯ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುವುದು ಅದರ ಕಾರಣ. ಅದೂ ಅಂಟುವುದಿಲ್ಲ, ಬೇಗ ಶುರುಮಾಡಿದ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಆ ಜಾಗ ಬೇಗ ಸುಡುವುದರಿಂದ ಸನ್‌ಸ್ಕ್ರೀನ್ ತಪ್ಪಿಸುವಂತಿಲ್ಲ. ಇನ್ನು, ಹತ್ತಿಯ ಎಳೆಯಿಂದ ಸವರಿದಾಗ ಮಸುಕು ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಕುಷ್ಠ ಪರೀಕ್ಷೆ ಆಗಲೇಬೇಕು. 6ರಿಂದ 12 ತಿಂಗಳ ಔಷಧಿಯಲ್ಲಿ ಪೂರ್ಣ ಗುಣವಾಗುವ ಕಾಯಿಲೆಯನ್ನು ನಾಚಿಕೆಗೆ ಮುಚ್ಚಿಟ್ಟು ನರ ಹಾಳುಮಾಡಿಕೊಳ್ಳಬಾರದು.

ಹುಳುಕಡ್ಡಿ, ಮತ್ತು ಅದನ್ನು ಸಾಕುವ ಮುಲಾಮು

ತೊಡೆಸಂದಿ, ಸೊಂಟ, ಪೃಷ್ಠದ ಮೇಲೆ ಉಂಗುರದಂತೆ ಹರಡುತ್ತ, ಅಂಚಿನಲ್ಲಿ ಕೆಂಪಗೆ ಉಬ್ಬಿ, ನಡುವೆ ತಿಳಿಯಾಗುವ ನವೆಯ ದದ್ದು ಹುಳುಕಡ್ಡಿ, ಕೆಲವರ ಮಾತಿನಲ್ಲಿ ಗಜಕರ್ಣ. ಹೆಸರು ಏನಿದ್ದರೂ ಒಳಗೆ ಹುಳುವಿಲ್ಲ, ಶಿಲೀಂಧ್ರವಿದೆ. ಇದನ್ನು ಹಠಮಾರಿ ಮಾಡುವುದು ಮೂರ್ನಾಲ್ಕು ಔಷಧಿ ಕಲಸಿದ ಮುಲಾಮು. ಟ್ಯೂಬಿನ ಹಿಂದೆ ಕ್ಲೋಬೆಟಸೋಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿವೆಯೇ ಓದಿ. ಇವೆಲ್ಲ ಸ್ಟಿರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ನವೆ ನಿಲ್ಲುತ್ತದೆ, ಏಕೆಂದರೆ ಚರ್ಮದ ಪ್ರತಿರೋಧವನ್ನೇ ಅದು ಮಲಗಿಸುತ್ತದೆ. ಕಾವಲುಗಾರ ಮಲಗಿದ ಮನೆಯಲ್ಲಿ ಶಿಲೀಂಧ್ರ ಸಲೀಸಾಗಿ ಹರಡುತ್ತದೆ. ಬಿಟ್ಟೊಡನೆ ಮೊದಲಿಗಿಂತ ದೊಡ್ಡದಾಗಿ, ಉಂಗುರದ ಆಕಾರವೂ ಕೆಟ್ಟು, ಗುರುತೇ ಸಿಗದಂತೆ ವಾಪಸಾಗುತ್ತದೆ. ತೊಡೆಸಂದಿಯಂಥ ತೆಳು ಚರ್ಮದಲ್ಲಿ ಹರಿದ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಬೆಳ್ಳಗಾಗಲೆಂದು ಇದೇ ಬಗೆಯ ಕ್ರೀಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಿಗೆ ಕೆಂಪು ನರ, ಮೊಡವೆ, ಬಿಸಿಲು ತಾಕಿದರೆ ಉರಿ ಬರುವುದೂ ಇದೇ ಕಾರಣಕ್ಕೆ.

ಸರಿಯಾದ ದಾರಿ ಬೇಸರದ್ದು, ಆದರೆ ನೇರ. ಕ್ಲೋಟ್ರಿಮಜೋಲ್ ಅಥವಾ ಟರ್ಬಿನಫಿನ್ ಶೇ. 1 ಮಾತ್ರ ಇರುವ ಕ್ರೀಮನ್ನು, ಒಣಗಿಸಿದ ಚರ್ಮಕ್ಕೆ, ದದ್ದಿನ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಸೇರಿಸಿ, ಹೊರಗಿನಿಂದ ಒಳಕ್ಕೆ ಹಚ್ಚಿ. ದದ್ದು ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಿ. ಒಳಉಡುಪು, ಟವೆಲ್ ದಿನವೂ ಬದಲಿಸಿ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ಯಾರೊಡನೆಯೂ ಹಂಚಿಕೊಳ್ಳಬೇಡಿ. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಇಬ್ಬರೂ ಒಟ್ಟಿಗೇ ಔಷಧಿ ಮಾಡಬೇಕು, ಇಲ್ಲದಿದ್ದರೆ ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇರುತ್ತದೆ. ತಲೆ, ಉಗುರಿಗೆ ಬಂದಿದ್ದರೆ ಅಥವಾ ಮೈತುಂಬ ಹರಡಿದ್ದರೆ ಹಚ್ಚುವುದರಿಂದ ಆಗದು, ಮಾತ್ರೆ ಬೇಕು. ಟರ್ಬಿನಫಿನ್‌ಗೆ ಬಗ್ಗದ ತಳಿಯೂ ಈಗ ಹಲವು ದೇಶಗಳಲ್ಲಿ ಕಾಣಿಸಿಕೊಂಡಿದೆ. ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಅಲುಗದಿದ್ದರೆ ಬೇರೆ ಕ್ರೀಮ್ ಹುಡುಕುವ ಬದಲು ಚರ್ಮತಜ್ಞರನ್ನು ಕಾಣಿ.

ಇಸುಬು ಮತ್ತು ಕಜ್ಜಿ

ಇವೆರಡನ್ನು ಬೆರೆಸಿಕೊಳ್ಳುವುದು ಸುಲಭ, ಚಿಕಿತ್ಸೆ ಪೂರ್ತಿ ಬೇರೆ. ಒಣಗಿ ಒರಟಾದ ಚರ್ಮ, ಮೊಣಕೈ ಮಡಿಕೆ, ಮೊಣಕಾಲ ಹಿಂಬದಿಯಲ್ಲಿ ವರ್ಷಗಳಿಂದ ಬಂದು ಹೋಗುವ ನವೆ ಇಸುಬು. ಬೆರಳ ಸಂದು, ಮಣಿಕಟ್ಟು, ಸೊಂಟ, ಜನನಾಂಗದ ಮೇಲೆ ಚಿಕ್ಕ ಗುಳ್ಳೆ, ರಾತ್ರಿ ಹೆಚ್ಚುವ ನವೆ, ಮನೆಯ ಇತರರಿಗೂ ಅದೇ ಎಂದರೆ ಅದು ಕಜ್ಜಿ.

ಇಸುಬಿಗೆ ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಗಡುಸು ಸೋಪಿಲ್ಲದೆ, ಹತ್ತು ನಿಮಿಷದೊಳಗೆ. ತಟ್ಟಿ ಒರೆಸಿ, ಮೈ ಆರುವ ಮುಂಚೆಯೇ ದಪ್ಪನೆಯ ಮಾಯಿಶ್ಚರೈಸರ್ ಹಚ್ಚಿ. ಮೈತುಂಬ ಇಸುಬಿರುವ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ. ಪುಟ್ಟ ಡಬ್ಬಿಯಲ್ಲಿ ತಿಂಗಳು ತಳ್ಳುವ ಆಟ ನಡೆಯುವುದಿಲ್ಲ. ಇಲ್ಲಿ ಸ್ಟಿರಾಯ್ಡ್ ವೈರಿಯಲ್ಲ, ವೈದ್ಯರು ಹೇಳಿದ ಬಲದ್ದು, ಹೇಳಿದಷ್ಟು ದಿನ ಹಚ್ಚಿದರೆ ಬೇಕಾದ ಔಷಧಿಯೇ. ಅದರ ಅಳತೆ ಬೆರಳ ತುದಿ: ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಕಜ್ಜಿಗೆ ಪರ್ಮೆಥ್ರಿನ್ ಶೇ. 5 ಕ್ರೀಮ್. ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಕೆಳಗೆ, ಹೊಕ್ಕುಳು, ಬೆರಳ ಸಂದು ಯಾವುದೂ ಬಿಡದೆ ರಾತ್ರಿ ಹಚ್ಚಿ 8ರಿಂದ 14 ಗಂಟೆಯ ಮೇಲೆ ತೊಳೆಯಿರಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಒಬ್ಬ ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ. ನವೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಬೇಕು, ಒಂದು ವಾರಕ್ಕೆ ಇನ್ನೊಮ್ಮೆ. ಕಳೆದ ಮೂರು ದಿನ ಬಳಸಿದ ಬಟ್ಟೆ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕನಿಷ್ಠ ಮೂರು ದಿನ ಬಿಗಿಯಾಗಿ ಕಟ್ಟಿಡಿ. ಕಜ್ಜಿ ತರುವ ಹುಳ ಸತ್ತ ಮೇಲೂ ನವೆ ಎರಡರಿಂದ ನಾಲ್ಕು ವಾರ ಇರುತ್ತದೆ. ಆಗ ಗಾಬರಿಯಾಗಿ ದಿನವೂ ಪರ್ಮೆಥ್ರಿನ್ ಬಳಿದರೆ ಚರ್ಮ ಕೆರಳಿ ಹೊಸ ನವೆ ಹುಟ್ಟುತ್ತದೆ. ಎಳೆಗೂಸುಗಳಿಗೆ, ಬಸುರಿಯರಿಗೆ ಹಚ್ಚುವ ಮೊದಲು ವೈದ್ಯರನ್ನು ಕೇಳಿ.

ವೈದ್ಯರ ಬಳಿಗೆ ಹೋಗುವಾಗ

ಮಚ್ಚೆಯೊಂದರ ಅರ್ಧ ಇನ್ನರ್ಧದಂತಿಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದಕ್ಕಿಂತ ಹೆಚ್ಚು ಬಣ್ಣವಿದ್ದರೆ, 6 ಮಿಲಿಮೀಟರ್ ದಾಟಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿದ್ದರೆ ತಡಮಾಡಬೇಡಿ. ಕಪ್ಪು ಚರ್ಮದವರಲ್ಲಿ ಮೆಲನೋಮ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುತ್ತದೆ. ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟಿಯನ್ನು ಪೆಟ್ಟಿನ ಗುರುತೆಂದು ತಳ್ಳಿಹಾಕಬೇಡಿ. ಒಂದು ತಿಂಗಳಾದರೂ ಮಾಯದ ಹುಣ್ಣನ್ನೂ ತೋರಿಸಿ.

ಹೋಗುವ ದಿನ ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಶಿಲೀಂಧ್ರ ಪರೀಕ್ಷೆಗೆ ಹೊಟ್ಟು ಕೆರೆದು ತೆಗೆಯಬೇಕಾಗಬಹುದು, ಮೇಲೆ ಮುಲಾಮಿದ್ದರೆ ಸುಳ್ಳು ಫಲಿತಾಂಶ ಬರುತ್ತದೆ. ಮುಖಕ್ಕೆ ಮೇಕಪ್, ಉಗುರಿಗೆ ಬಣ್ಣ ಬೇಡ. ದದ್ದು ಬಂದು ಹೋಗುವಂಥದ್ದಾದರೆ ಅದಿದ್ದಾಗಲೇ ಹಗಲು ಬೆಳಕಿನಲ್ಲಿ, ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಂಡಿರಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಪಕ್ಕದ ಮನೆಯವರು ಕೊಟ್ಟದ್ದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.